ಓವರ್ಸಿಯರ್ ಮಾವ ಬರೆಯದ ಶಬ್ದ

ಹೋದ ತಿಂಗಳು ಶಿರಸಿಯಲ್ಲಿ ಅವರ ಶ್ರದ್ಧಾಂಜಲಿ ಸಭೆ ಆಯಿತು. ಐದು ಜನ ಮಾತಾಡಿದರು. ಐವರಲ್ಲಿ ನಾಲ್ವರು ಹೇಳಿದ್ದು ಒಂದೇ ಕತೆ. ಹಳೇ ಕಟ್ಟಡ ಅಂದರೆ ಪ್ರಾಣ ಬಿಡುತ್ತಿದ್ದ ಮನುಷ್ಯ, ಪಾಪ, ಕಡೆಗಾಲದಲ್ಲಿ ಕಣ್ಣು ಮಂಜಾಗಿ, ತಾನು ಎಲ್ಲಕ್ಕಿಂತ ಹೆಚ್ಚು ಹಚ್ಚಿಕೊಂಡಿದ್ದ ಬಂಗಲೆಯನ್ನೇ ‘ಶಿಥಿಲ’ ಅಂತ ಬರೆದುಕೊಟ್ಟು ಕೈಯಾರೆ ಕೆಡವಿಸಿಕೊಂಡರು ಅಂತ. ಪ್ರೀತಿಯಿಂದಲೇ ಹೇಳಿದರು. ನಾನು ಮೂರನೇ ಸಾಲಿನಲ್ಲಿ ಕೂತು ಎಲ್ಲ ಕೇಳಿದೆ. ಕೊನೆಗೆ ಕೊಟ್ಟ ಅವಲಕ್ಕಿಯನ್ನೂ ತಿಂದು, ಕೈ ತೊಳೆದು, ಅಂಗಡಿ ಬಾಗಿಲು ತೆಗೆಯಲಿಕ್ಕೆ ಹೋದೆ.

ಆ ಶಬ್ದ ಅವರು ಬರೆದದ್ದಲ್ಲ. ಬರೆದವಳು ನಾನು.

ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಬರೆಯುತ್ತ ಬರೆಯುತ್ತ ಮತ್ತೆ ಎಲ್ಲಾದರೂ ನುಣುಚಿಕೊಂಡೇನು. ನನ್ನ ಜಾಯಮಾನ ನನಗೆ ಗೊತ್ತು. ಅವರ ಹೆಸರು ಮಾತ್ರ ಬರೆಯುವುದಿಲ್ಲ. ಸರಕಾರದ ರಸ್ತೆ, ಕಟ್ಟಡದ ಕೆಲಸದಲ್ಲಿ ಓವರ್ಸಿಯರ್ ಆಗಿದ್ದು ನಿವೃತ್ತರಾದವರು. ಶಿರಸಿಯಲ್ಲಾಗಲಿ ಸಿದ್ದಾಪುರದಲ್ಲಾಗಲಿ ಓವರ್ಸಿಯರ್ರು ಅಂದರೆ ಅವರೊಬ್ಬರೇ. ನಾನು ಮೊದಲು ‘ಸರ್’ ಅನ್ನುತ್ತಿದ್ದೆ. ಒಂದು ದಿನ, ಸರ್ ಅಂದರೆ ಯಾರೋ ಇನ್ಸ್ಪೆಕ್ಷನ್ನಿಗೆ ಬಂದ ಹಾಗೆ ಆಗ್ತದೆ ಅಂದರು. ಅಂದಿನಿಂದ ಮಾವ ಅಂದೆ. ಸಂಬಂಧ ಏನೂ ಇಲ್ಲ, ನಮ್ಮ ಕಡೆ ದೊಡ್ಡವರನ್ನು ಹಾಗೆ ಕರೆಯುವುದು ರೂಢಿ. ಅವರಿಗೆ ನಾನು ತಂಗಿ. ಐವತ್ತು ದಾಟಿದ ಮೇಲೂ ನನ್ನನ್ನು ತಂಗಿ ಅನ್ನುವವರು ಊರಲ್ಲಿ ಅವರೊಬ್ಬರೇ ಉಳಿದಿದ್ದರು.

ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಮೇಲೆ ನನ್ನದೊಂದು ಟೈಪಿಂಗ್ ಅಂಗಡಿ ಇದೆ. ಝೆರಾಕ್ಸ್ ಮಾಡುತ್ತೇನೆ, ಅರ್ಜಿ ಬರೆದುಕೊಡುತ್ತೇನೆ. ಗಂಡ ಹೋದ ಮೇಲೆ ಮನೆ ನಡೆದದ್ದು ಅದರಿಂದಲೇ. ಮಾವ ಮೊದಲ ಸಲ ಬಂದಾಗ ಕಂಕುಳಲ್ಲಿ ಉದ್ದನೆಯ ಒಂದು ರಿಜಿಸ್ಟರ್ ಪುಸ್ತಕ ಇತ್ತು. ಇದನ್ನು ಬರೆದ ಹಾಗೇ ಟೈಪ್ ಮಾಡಲಿಕ್ಕೆ ಆಗುತ್ತದೋ ಅಂತ ಕೇಳಿದರು. ಬರೆದ ಹಾಗೇ ಮಾಡದೆ ಮತ್ತೇನು ನಾನು ಕಾದಂಬರಿ ಬರೆಯುತ್ತೇನೋ ಅಂತ ಮನಸ್ಸಿನಲ್ಲೇ ಬೈದುಕೊಂಡು ಆಗುತ್ತದೆ ಅಂದೆ. ನಾಲ್ಕು ಹಾಳೆ ಟೈಪ್ ಮಾಡಿ ಕೊಟ್ಟೆ. ಅಲ್ಲೇ ಸ್ಟೂಲಿನ ಮೇಲೆ ಕೂತು ಕನ್ನಡಕ ಏರಿಸಿ ಒಂದೊಂದು ಸಾಲಿಗೂ ಬೆರಳಿಟ್ಟು ಓದಿದರು. ಮೂರನೇ ಹಾಳೆಯಲ್ಲಿ ಬೆರಳು ನಿಂತಿತು.

“ಅರ್ಧ ಇಂಚು ಎಲ್ಲಿ ಹೋತು ತಂಗಿ?”

ಒಂದು ದೊಡ್ಡ ಬಾಗಿಲ ಚೌಕಟ್ಟಿಗೆ ಅವರು ಬರೆದದ್ದು ಒಂಬತ್ತು ಅಡಿ ಏಳೂವರೆ ಇಂಚು. ನಾನು ಏಳು ಮಾಡಿದ್ದೆ. ಅರ್ಧ ಇಂಚಿನಿಂದ ಏನು ದೊಡ್ಡ ನಷ್ಟ ಅಂತ ಬಾಯಿ ಬಿಟ್ಟು ಕೇಳಿಬಿಟ್ಟೆ. ಅವರು ಸಿಟ್ಟು ಮಾಡಲಿಲ್ಲ. ಬಾಗಿಲು ಮಾಡಿದ ಆಚಾರಿ ಅರ್ಧ ಇಂಚು ಬಿಟ್ಟಿದ್ದು ಮಳೆಗಾಲದಲ್ಲಿ ಮರ ಉಬ್ಬುತ್ತದೆ ಅಂತ ಗೊತ್ತಿದ್ದು, ನೀನು ಅದನ್ನು ತೆಗೆದರೆ ಅವನ ಬುದ್ಧಿಯನ್ನೇ ತೆಗೆದ ಹಾಗಾಯಿತು ಅಂದರು. ಹಾಳೆ ಮತ್ತೆ ಟೈಪ್ ಮಾಡಿದೆ. ಆಮೇಲೆ ಐದು ವರ್ಷ ಅವರ ಒಂದು ಕಾಲಿಂಚನ್ನೂ ನಾನು ಮುಟ್ಟಲಿಲ್ಲ.

ಈ ಹುಚ್ಚು ಅವರಿಗೆ ಹಿಡಿದದ್ದು ರದ್ದಿ ಅಂಗಡಿಯಿಂದ. ನಿವೃತ್ತರಾದ ವರ್ಷ ಹಳೇ ಪೇಪರ್ ಹಾಕಲಿಕ್ಕೆ ಹೋದವರು ರದ್ದಿಯ ರಾಶಿಯಲ್ಲಿ ಒಂದು ಇಂಗ್ಲಿಷ್ ಪುಸ್ತಕ ನೋಡಿದರಂತೆ. ಐರ್ಲೆಂಡ್ ದೇಶದ ಲೀಟ್ರಿಮ್ ಅನ್ನುವ ಒಂದು ಕೌಂಟಿ, ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ, ಅಲ್ಲಿಯ ಹಳೆಯ ಕಟ್ಟಡಗಳ ಪುಸ್ತಕ. ಶಿರಸಿಗೆ ಅದು ಹೇಗೆ ಬಂತೋ ದೇವರಿಗೇ ಗೊತ್ತು. ಅವರ ಇಂಗ್ಲಿಷ್ ಎಸ್ಟಿಮೇಟ್ ಬರೆಯುವಷ್ಟರದ್ದು, ಆದರೆ ಆ ಪುಸ್ತಕ ಪೂರ್ತಿ ಓದಿದ್ದರು. ಓದಿದ್ದಲ್ಲದೆ ಎದುರು ಸಿಕ್ಕಿದವರಿಗೆಲ್ಲ ತೋರಿಸುತ್ತಿದ್ದರು. ಬಸ್ ಸ್ಟ್ಯಾಂಡಿನ ಹೋಟೆಲಿನವನು, ಲೀಟ್ರಿಮ್ ಅಂದರೆ ಹಾಲು ಅಳೆಯುವ ಲೀಟರ್ರೋ ಅಂತ ತಮಾಷೆ ಮಾಡಿದ್ದ. ಹೂಂ, ನಿನ್ನ ಹೋಟೆಲಿನ ಲೀಟರಿಗಿಂತ ಸ್ವಲ್ಪ ದೊಡ್ಡದು ಅಂದಿದ್ದರಂತೆ ಮಾವ.

ಅವರು ಮರುಳಾದದ್ದು ಅಲ್ಲಿಯ ಕೋಟೆ, ಇಗರ್ಜಿಗಳಿಗೆ ಅಲ್ಲ. ಆ ಪುಸ್ತಕದಲ್ಲಿ ನೀರಿನ ಪಂಪು ಇತ್ತು, ಗೋಡೆಯೊಳಗಿನ ಅಂಚೆ ಪೆಟ್ಟಿಗೆ ಇತ್ತು, ಸುಣ್ಣದ ಭಟ್ಟಿ, ಕಬ್ಬಿಣದ ಗೇಟು, ದನದ ಕೊಟ್ಟಿಗೆ ಎಲ್ಲ ಇತ್ತು. ಒಂದೊಂದಕ್ಕೂ ನಂಬರು, ಅಳತೆ, ಯಾವ ಕಲ್ಲು, ಯಾವ ಮರ ಅಂತ ಬರೆದಿದ್ದರು. ಅರಮನೆ ಬಗ್ಗೆ ಯಾರು ಬೇಕಾದರೂ ಬರೆಯುತ್ತಾರೆ, ಕೊಟ್ಟಿಗೆಯನ್ನು ಅಳೆದು ಬರೆದಿಟ್ಟ ಆ ಪುಣ್ಯಾತ್ಮರನ್ನು ನೋಡಬೇಕಿತ್ತು ಅನ್ನುತ್ತಿದ್ದರು. ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರು ತಾಲೂಕಿಗೂ ಅಂಥದ್ದೊಂದು ಪುಸ್ತಕ ಮಾಡಿಯೇ ಸಾಯುವುದು ಅಂತ ತೀರ್ಮಾನ ಮಾಡಿಕೊಂಡು, ಸ್ಟೀಲ್ ಟೇಪು, ಗೋಡೆಯ ನೇರ ನೋಡಲಿಕ್ಕೆ ದಾರಕ್ಕೆ ಕಟ್ಟಿದ ಕಲ್ಲು, ರಿಜಿಸ್ಟರ್ ಒಂದು ಚೀಲದಲ್ಲಿ ಹಾಕಿಕೊಂಡು ಬಸ್ ಹತ್ತಿದರು. ಯಾರೂ ಕೇಳಿರಲಿಲ್ಲ, ಯಾರೂ ಕಳಿಸಿರಲಿಲ್ಲ.

ಭಾನುವಾರ ಅಂಗಡಿ ರಜೆ ಇದ್ದಾಗ ಕೆಲವು ಸಲ ನನ್ನ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗಿದ್ದೇನೆ. ಟೇಪಿನ ಆಚೆ ತುದಿ ಹಿಡಿಯುವುದು ನನ್ನ ಕೆಲಸ. ಒಳಗೆ ಹೋಗುವ ಮೊದಲು ಚಪ್ಪಲಿ ಬಿಡುತ್ತಿದ್ದರು. ದೇವಸ್ಥಾನವೇ ಆಗಬೇಕೆಂದಿಲ್ಲ, ಹಳೇ ಚೌಕಿಯಾದರೂ ಸೈ, ಪಾಳುಬಿದ್ದ ಅಕ್ಕಿ ಗಿರಣಿಯಾದರೂ ಸೈ. ಬೀಡಾಡಿ ದನ ಕೂಡಿಹಾಕುತ್ತಿದ್ದ ಹಳೇ ದೊಡ್ಡಿಯೊಂದಕ್ಕೂ ಬರಿಗಾಲಲ್ಲಿ ನುಗ್ಗಿ ಮುಳ್ಳು ತುಳಿದರು. ನಾನು ಪಿನ್ನು ಹಿಡಿದು ಮುಳ್ಳು ತೆಗೆಯುತ್ತ ಬಾಯಿಗೆ ಬಂದ ಹಾಗೆ ಬೈದೆ. ಅವರು ಆ ನೋವಿನಲ್ಲೂ ಗೋಡೆ ಕಡೆಗೇ ನೋಡುತ್ತಿದ್ದರು. ಗೆಣ್ಣಿನಿಂದ ಗೋಡೆ ತಟ್ಟಿ ಕಿವಿ ಕೊಡುವುದು, ಗಾರೆಯ ಚೂರು ಕಿತ್ತು ನಾಲಿಗೆಗೆ ಮುಟ್ಟಿಸಿ ಬೆಲ್ಲ ಹಾಕಿದ್ದರೋ ಇಲ್ಲವೋ ಅಂತ ನೋಡುವುದು, ಇದೆಲ್ಲ ನಡೆದೇ ಇರುತ್ತಿತ್ತು. ನೂರು ವರ್ಷದ ಗಾರೆಯಲ್ಲಿ ಇನ್ನೆಲ್ಲಿಯ ಬೆಲ್ಲ ಮಾವ, ಇರುವೆ ಬಿಟ್ಟೀತಾ ಅಂತ ಕೇಳಿದರೆ ನಕ್ಕುಬಿಡುತ್ತಿದ್ದರು.

ಮನ್ಮನೆ ಅನ್ನುವ ಊರಿನಲ್ಲಿ ಒಬ್ಬ ಅಜ್ಜಿ ನಮ್ಮನ್ನು ಅಂಗಳಕ್ಕೇ ಸೇರಿಸಲಿಲ್ಲ. ಗದ್ದೆ ಕೆಲಸ ಮಾಡಿ ಮಾಡಿ ಬೆನ್ನು ಬಾಗಿದ ಹೆಂಗಸು. ಅವರ ಮನೆಯ ಭತ್ತದ ಕಣಜ ಮರದ್ದು, ಒಂದೂ ಮೊಳೆ ಇಲ್ಲದೆ ಕೂಡಿಸಿದ್ದು. ಅದನ್ನು ಅಳೆಯಬೇಕು ಅಂತ ಮಾವ ಹೋದರೆ ಅಜ್ಜಿ ಟೇಪು ನೋಡಿದ್ದೇ ಬಾಗಿಲು ಹಾಕಿಕೊಂಡಿತು. ಅಳತೆಗೆ ಬಂದವರೆಲ್ಲ ಆಮೇಲೆ ಕೆಡಗಲಿಕ್ಕೆ ಬರ್ತಾರೆ, ರಸ್ತೆ ಬದಿಯ ಮನೆಗಳಿಗೆ ಹೀಗೇ ಆಗಿದ್ದು ಅಂತ ಒಳಗಿನಿಂದಲೇ ಕೂಗಿ ಹೇಳಿತು. ಮಾವ ಜಗಲಿ ಮೇಲೆ ಕೂತರು. ಒಂದು ತಾಸು ಕೂತರು. ಕೊನೆಗೆ ಬಾಗಿಲ ಸಂದಿಯಿಂದ ಮುಖ ಕಂಡಾಗ ಹೇಳಿದರು, “ತೆಗೀಲಿಕ್ಕೆ ಅಲ್ಲ ಅಮ್ಮ, ಇಡ್ಲಿಕ್ಕೆ ಅಳಿಯೋದು.” ಅಜ್ಜಿ ಬಾಗಿಲು ತೆಗೆಯಿತು. ಮಜ್ಜಿಗೆ ಕೊಟ್ಟಿತು. ಕಣಜದ ಅಳತೆ ಮುಗಿಯುವ ತನಕ ಪಕ್ಕದಲ್ಲೇ ನಿಂತಿತ್ತು, ಪೂರ್ತಿ ನಂಬಿಕೆ ಬಂದಿರಲಿಲ್ಲ ಅಂತ ಕಾಣುತ್ತದೆ.

ರಿಜಿಸ್ಟರಿನ ಕೊನೆಯ ಕಾಲಂ ‘ಸ್ಥಿತಿ’. ಅದರಲ್ಲಿ ಅವರದ್ದೇ ಒಂದು ಭಾಷೆ ಇತ್ತು. ಚೆನ್ನಾಗಿದ್ದರೆ ‘ಗಟ್ಟಿ’. ರಿಪೇರಿ ಬೇಕಿದ್ದರೆ ‘ಔಷಧ ಬೇಕು’, ಅದರ ಕೆಳಗೆ ಯಾವ ಮೂಲೆ, ಎಷ್ಟು ಹಂಚು, ಎಷ್ಟು ಮರ ಅಂತ ವಿವರ. ಏನೂ ಮಾಡಲಿಕ್ಕೆ ಬರುವುದಿಲ್ಲ ಅಂತಿದ್ದರೆ ‘ಆಗಾಗ ನೋಡಿ ಬರುವುದು’ ಅಂತ ಬರೆಯುತ್ತಿದ್ದರು. ಬಿದ್ದುಹೋದದ್ದಕ್ಕೆ ‘ಹೋಯಿತು’. ಇದು ಡಾಕ್ಟರ ಚೀಟಿಯ ಹಾಗಿದೆ, ಟೈಪ್ ಮಾಡಿದ ಪ್ರತಿಯಲ್ಲಿ ಹೀಗೆ ಇರಬಾರದು ಅಂತ ನಾನೇ ಅವರಿಗೆ ಹೇಳಿಕೊಟ್ಟೆ. ‘ಗಟ್ಟಿ’ಗೆ ‘ಸುಸ್ಥಿತಿ’, ‘ಔಷಧ ಬೇಕು’ ಅನ್ನುವುದಕ್ಕೆ ‘ದುರಸ್ತಿ ಅಗತ್ಯ’. ಅವರಿಗೆ ಪೂರ್ತಿ ಒಪ್ಪಿಗೆ ಇರಲಿಲ್ಲ. ಆಫೀಸಿನ ಶಬ್ದ ನಿಂಗೆ ಗೊತ್ತು, ನೀನು ಹೇಳಿದ್ದೇ ಸರಿ ಅಂದರು. ಅಲ್ಲಿಂದ ಮುಂದೆ ‘ಸ್ಥಿತಿ’ಯ ಕಾಲಂ ನನ್ನ ಕೈಗೆ ಬಂತು.

ಈಗ ಬಂಗಲೆಯ ವಿಷಯ. ಸಿದ್ದಾಪುರದ ಕಡೆ, ರಸ್ತೆಯಿಂದ ಸ್ವಲ್ಪ ಒಳಗೆ ಒಂದು ದಿಬ್ಬದ ಮೇಲೆ ಇತ್ತು. ಬ್ರಿಟಿಷರ ಕಾಲದಲ್ಲಿ ಸಾಹೇಬರು ಉಳಿಯಲಿಕ್ಕೆ ಕಟ್ಟಿದ ಮುಸಾಫರಿ ಬಂಗಲೆ. ಎರಡು ಕೋಣೆ, ನಡುವೆ ಊಟದ ಮನೆ, ಸುತ್ತಲೂ ಪಡಸಾಲೆ. ಎರಡಡಿ ದಪ್ಪದ ಚಿರೆಕಲ್ಲಿನ ಗೋಡೆ. ನಮ್ಮ ಸೀಮೆಯಲ್ಲಿ ಯಾರಿಗೂ ಬೇಡದ ಒಂದು ಬೆಂಕಿಗೂಡು, ಅದಕ್ಕೊಂದು ಹೊಗೆ ಕೊಳವೆ. ಪಡಸಾಲೆಯ ಮಾಡು ಹೊತ್ತು ನಿಂತದ್ದು ಬಾಗಿದ ಮರದ ತೋಳುಗಳು. ಮಾವ ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಲ್ಲಿಯ ಹಂಚು ಕೈಯಾಡಿಸಲಿಕ್ಕೆ, ಅಂದರೆ ಒಡೆದದ್ದು ಬದಲಿಸಿ ಮತ್ತೆ ಹೊದಿಸಲಿಕ್ಕೆ, ಕಳಿಸಿದ್ದರಂತೆ. ಮಾಡಿನ ಮೇಲೆ ಕೂತು ಮರದ ಜೋಡಣೆ ನೋಡಿ, ಮಧ್ಯಾಹ್ನದ ಊಟ ಮರೆತಿದ್ದೆ ಅಂತ ಹೇಳುತ್ತಿದ್ದರು. ಕಟ್ಟಡ ಅಂದರೆ ಏನು ಅಂತ ಅವರಿಗೆ ತಿಳಿದದ್ದು ಆ ದಿನವಂತೆ.

ಲೀಟ್ರಿಮ್ ಪುಸ್ತಕದಲ್ಲಿ ಒಂದು ಸಣ್ಣ ರೈಲು ಸ್ಟೇಶನ್ನಿನ ಚಿತ್ರ ಇತ್ತು. ಅದರ ಮುಂದಿನ ಚಪ್ಪರಕ್ಕೂ ಅದೇ ಬಾಗಿದ ತೋಳು, ಅದೇ ಹೊಗೆ ಕೊಳವೆ, ತುದಿಯಲ್ಲಿ ಅದೇ ಮರದ ಕತ್ತರಿ ಕೆಲಸ. ಅದನ್ನು ನನ್ನ ಮೇಜಿನ ಮೇಲೆ ಬಿಡಿಸಿಟ್ಟು ಎಷ್ಟು ಸಲ ತೋರಿಸಿದ್ದಾರೋ ಲೆಕ್ಕ ಇಲ್ಲ. “ನೋಡು, ಅಕ್ಕ ಅಲ್ಲಿದ್ದು, ತಂಗಿ ಇಲ್ಲಿದ್ದು.” ಹಾಗಾದರೆ ಬಂಗಲೆ ಕಟ್ಟಿಸಿದವನು ಅಲ್ಲಿಯ ಎಂಜಿನಿಯರನೇ ಇರಬೇಕು, ಹಾಗೇ ಬರೆಯೋಣ ಅಂತ ನಾನು ಉಮೇದಿನಲ್ಲಿ ಹೇಳಿದೆ. ಗೊತ್ತಿಲ್ಲದ್ದನ್ನು ಬರೆಯಬಾರದು ಅಂದರು. ಅಕ್ಕ ತಂಗಿ ಅನ್ನುವುದು ಬಾಯಿಮಾತಿಗೆ, ರಿಜಿಸ್ಟರಿಗೆ ಅಲ್ಲ ಅಂತ.

ನಾಲ್ಕು ವರ್ಷದ ಹಿಂದೆ ಒಂದು ಇಲಾಖೆಯಿಂದ ಅವರಿಗೆ ಪತ್ರ ಬಂತು. ಯಾವ ಇಲಾಖೆ ಅಂತ ಇಲ್ಲಿ ಬೇಡ. ಹಳೆಯ ಸರಕಾರಿ ಕಟ್ಟಡಗಳ ಸ್ಥಿತಿಗತಿ ಬೇಕಾಗಿದೆ, ತಮ್ಮಲ್ಲಿ ಪಟ್ಟಿ ಇದೆ ಎಂದು ತಿಳಿದುಬಂದಿದೆ, ಸಹಿ ಮಾಡಿ ಕಳಿಸಿಕೊಡಿ ಅಂತ. ಆ ಪತ್ರ ಹಿಡಿದು ಅವರು ಅಂಗಡಿ ಮೆಟ್ಟಿಲು ಹತ್ತಿ ಬಂದದ್ದು ನನ್ನ ಕಣ್ಣ ಮುಂದೆ ಈಗಲೂ ಇದೆ. ಇಷ್ಟು ವರ್ಷದಲ್ಲಿ ಮೊದಲ ಸಲ ಒಬ್ಬರು ಕೇಳಿದ್ದರು. ಪತ್ರವನ್ನು ನನ್ನ ಕೈಗೆ ಕೊಟ್ಟು ಫ್ಯಾನಿನ ಕೆಳಗೆ ಕೂತರು.

ಅದೇ ವಾರ ಅವರಿಗೆ ಕಣ್ಣಿನ ಪೊರೆ ಆಪರೇಶನ್ ಆಗಿತ್ತು. ಕಪ್ಪು ಕನ್ನಡಕ, ತಾಸಿಗೊಮ್ಮೆ ಔಷಧ. ಅವರ ಹೆಂಡತಿ, ನಾನು ಅತ್ತೆ ಅನ್ನುವುದು, ಗಡಿಯಾರ ನೋಡಿ ಔಷಧ ಬಿಡುತ್ತಿದ್ದರು. ಸಹಿಯ ದಿನ, ಹೊರಗೆ ಹೋಗುವುದು ಬೇಡ ಅಂತ ಅತ್ತೆ ಹೇಳಿದರೂ ಕೇಳದೆ, ಸಹಿ ಹಾಕಿ ಬರಲಿಕ್ಕೆ ಅರ್ಧ ತಾಸು ಸಾಕು ಅಂತ ಗೋಗರೆದು ಬಂದಿದ್ದರು.

ಪಟ್ಟಿ ನಾನು ಹಿಂದಿನ ದಿನವೇ ಟೈಪ್ ಮಾಡಿಟ್ಟಿದ್ದೆ. ಬಂಗಲೆಯ ಎದುರು ರಿಜಿಸ್ಟರಿನಲ್ಲಿ ಇದ್ದದ್ದು ಇಷ್ಟು: ‘ಔಷಧ ಬೇಕು. ಪೂರ್ವದ ಮೂಲೆಯ ಮಾಡಿನಲ್ಲಿ ಎರಡು ಪಕಾಸು ಗೆದ್ದಲು ಹಿಡಿದಿದೆ, ಬದಲಿಸುವುದು. ಗೋಡೆ ಗಟ್ಟಿ.’ ಪಕಾಸು ಅಂದರೆ ಮಾಡಿನಲ್ಲಿ ಹಂಚು ಹೊರುವ ಉದ್ದನೆಯ ಮರ. ನಾನು ಮೂವತ್ತು ವರ್ಷ ಆಫೀಸಿನ ಕನ್ನಡದಲ್ಲಿ ಅನ್ನ ತಿಂದವಳು. ಯಾವ ಶಬ್ದ ಬರೆದರೆ ಫೈಲು ಏಳುತ್ತದೆ, ಯಾವ ಶಬ್ದಕ್ಕೆ ಮಗ್ಗುಲು ಬದಲಿಸಿ ಮಲಗುತ್ತದೆ ಅಂತ ನನಗೆ ಗೊತ್ತು. ಗೊತ್ತು ಅಂತ ನನಗೆ ಸೊಕ್ಕು. ‘ದುರಸ್ತಿ ಅಗತ್ಯ’ ಅಂತ ಬರೆದ ಎಷ್ಟು ಶಾಲೆ, ಹಳ್ಳ ದಾಟುವ ಎಷ್ಟು ಕಾಲುಸಂಕದ ಅರ್ಜಿ ಕಪಾಟಿನಲ್ಲೇ ಕೊಳೆತಿವೆ. ‘ಶಿಥಿಲ’ ಅಂತ ಬರೆದರೆ ತಿಂಗಳೊಳಗೆ ಎಂಜಿನಿಯರ್ ಬಂದು ನೋಡುತ್ತಾನೆ, ಹಂಚು, ಮರ ಮಂಜೂರಾಗುತ್ತದೆ. ನಾನು ಹಾಗೆ ಬರೆದು ಮೂರು ಊರಿನ ಶಾಲೆಗೆ ಹೊಸ ಮಾಡು ಹಾಕಿಸಿಕೊಟ್ಟವಳು. ಮಾವನ ಬಂಗಲೆಗೆ ಎರಡು ಪಕಾಸು ಬೇಗ ಬರಲಿ ಅಂತ ಆ ಸಾಲಿಗೆ ನಾನು ‘ಕಟ್ಟಡವು ಶಿಥಿಲಾವಸ್ಥೆಯಲ್ಲಿದೆ’ ಅಂತ ಹೊಡೆದೆ. ಗೋಡೆ ಗಟ್ಟಿ ಅನ್ನುವುದನ್ನು ಬಿಟ್ಟೆ. ಶಿಥಿಲ ಅಂದ ಮೇಲೆ ಗೋಡೆ ಗಟ್ಟಿ ಅನ್ನುವುದು ಹೊಂದುವುದಿಲ್ಲ ಅಂತ.

ಅವರು ಬಂದಾಗ, ಒಂದು ಸಲ ಓದಿ ಹೇಳಲೋ ಅಂತ ಕೇಳಿದೆ. ಬೇಡ ಅಂದಾರು ಅಂತ ಗೊತ್ತಿದ್ದೇ ಕೇಳಿದೆ, ಅದನ್ನೂ ಬರೆದುಬಿಡುತ್ತೇನೆ. ಬಂಗಲೆಗೆ ಹೊಸ ಮರ ಬಂದ ದಿನ ಹೇಳಿ ಅವರನ್ನು ಬೆರಗುಗೊಳಿಸಬೇಕು ಅಂತ ನನ್ನ ಮನಸ್ಸಿನಲ್ಲಿತ್ತು.

“ನೀನು ಬರದ್ದಲ್ದ, ಮತ್ತೆಂತ ಓದುದು,” ಅಂದರು. ನಾನು ಬೆರಳಿಟ್ಟು ತೋರಿಸಿದ ಜಾಗದಲ್ಲಿ, ಕಪ್ಪು ಕನ್ನಡಕದ ಒಳಗಿನಿಂದಲೇ, ಹಾಳೆಗೊಂದರಂತೆ ಸಹಿ ಮಾಡಿದರು.

ಆ ವರ್ಷ ಆಫೀಸಿನ ಲೋಕ ಬದಲಾಗಿದೆ ಅಂತ ನನಗೆ ಗೊತ್ತಿರಲಿಲ್ಲ. ಎಲ್ಲಿಯೋ ಒಂದು ಹಳೇ ಗೋಡೆ ಬಿದ್ದು ಅನಾಹುತ ಆಗಿತ್ತಂತೆ, ಶಿಥಿಲ ಅಂತ ಬಂದದ್ದನ್ನೆಲ್ಲ ನೋಡಲಿಕ್ಕೂ ಹೋಗದೆ ಕೆಡವಿ ಅಂತ ಆದೇಶ ಆಗಿತ್ತಂತೆ. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಬಂಗಲೆಯ ಅಂಗಳಕ್ಕೆ ಜೆಸಿಬಿ ಬಂದಿದೆ ಅಂತ ಅಲ್ಲಿಯ ವಾಚ್‌ಮನ್ ಮಾವನಿಗೆ ಫೋನ್ ಮಾಡಿದ. ಮಾವ ನನಗೆ ಮಾಡಿದರು. ಅಂಗಡಿಗೆ ಬೀಗ ಹಾಕದೆ, ಪಕ್ಕದವರಿಗೆ ನೋಡಿಕೊಳ್ಳಿ ಅಂತ ಹೇಳಿ ಸ್ಕೂಟರ್ ತೆಗೆದು, ಮಾವನನ್ನು ಮನೆಯಿಂದ ಕೂರಿಸಿಕೊಂಡು ಹೊರಟೆ.

ನಾವು ಮುಟ್ಟುವ ಹೊತ್ತಿಗೆ ಹಂಚು ಇಳಿಸಿ ಆಗಿತ್ತು. ಮಾವ ರಿಜಿಸ್ಟರ್ ಎದೆಗೆ ಒತ್ತಿಕೊಂಡು ಅಲ್ಲಿದ್ದ ಅಧಿಕಾರಿಯ ಹತ್ತಿರ ಹೋದರು. ಹಾವೇರಿ ಕಡೆಯ ಹುಡುಗ, ಮರ್ಯಾದಸ್ಥ, ಕೂತ್ಕೋರಿ ಅಂತ ಕುರ್ಚಿ ಕೊಟ್ಟ. ಮಾವ ಕೂರಲಿಲ್ಲ. ಗೋಡೆ ಎರಡಡಿ ದಪ್ಪ ಇದೆ, ಕೆಟ್ಟದ್ದು ಎರಡೇ ಪಕಾಸು, ಯಾರೋ ತಪ್ಪು ವರದಿ ಕೊಟ್ಟಿದ್ದಾರೆ, ಒಂದು ದಿನ ನಿಲ್ಲಿಸಿ ಅಂತ ಕೈಮುಗಿದು ಹೇಳಿದರು. ಆ ಹುಡುಗನಿಗೆ ಸಂಕೋಚವಾಯಿತು. ಫೈಲಿನಿಂದ ಒಂದು ಹಾಳೆ ತೆಗೆದು ಅವರ ಮುಂದೆ ಹಿಡಿದ.

“ನೀವ ಬರ್ದು ಕೊಟ್ಟೀರಲ್ರೀ ಸಾಹೇಬ್ರ. ಸಹಿ ನಿಮ್ದ ಹೌದಲ್ರಿ?”

ಮಾವ ಕನ್ನಡಕ ಏರಿಸಿದರು. ಆಪರೇಶನ್ ಆದ ಮೇಲೆ ಅವರ ಕಣ್ಣು ಮೊದಲಿಗಿಂತ ಚೆನ್ನಾಗಿ ಕಾಣುತ್ತಿತ್ತು. ಆ ಸಾಲಿಗೆ ಬೆರಳಿಟ್ಟರು. ಓದಿದರು. ಮತ್ತೆ ಓದಿದರು. ಬೆರಳು ಅಲ್ಲಿಯೇ ನಿಂತಿತು. ನನ್ನ ಕಡೆ ತಿರುಗಲಿಲ್ಲ. ನಾನು ಮುಂದೆ ಹೋಗಿ ಆ ಹುಡುಗನಿಗೆ ಸರ್ ಅದು ಅಂತ ಬಾಯಿ ತೆರೆದೆ. ಅವರು ನನ್ನ ಮೊಣಕೈ ಹಿಡಿದರು.

“ಸುಮ್ನಿರು ತಂಗಿ.” ಆಮೇಲೆ ಆ ಹುಡುಗನಿಗೆ ಹೇಳಿದರು, “ಹೌದು, ನನ್ನದೇ ಸಹಿ.”

ಆ ಗೋಡೆ ಬೀಳಲಿಕ್ಕೆ ಒಂದೂವರೆ ದಿನ ಬೇಕಾಯಿತು. ಸಂಜೆಯ ತನಕ ನಾವು ಅಲ್ಲೇ ನಿಂತಿದ್ದೆವು. ಜೆಸಿಬಿಯವನು ಎರಡು ಸಲ ಕೆಳಗಿಳಿದು ಬೆವರು ಒರೆಸಿಕೊಂಡು, ಎಂಥ ಗ್ವಾಡೆ ಮಾರಾಯ್ರೇ ಇದು, ಶಿಥಿಲ ಅಂತ ಯಾರು ಹೇಳಿದ್ದು ಅಂತ ಕೇಳಿದ. ಮಾವ ಬಿದ್ದ ಕಲ್ಲುಗಳ ನಡುವೆ ಬರಿಗಾಲಲ್ಲಿ ನಿಂತಿದ್ದರು.

ವಾಪಸು ಬರುವಾಗ ಸ್ಕೂಟರಿನ ಮೇಲೆ ನಾನು ಅಳುತ್ತಿದ್ದೆ. ರಸ್ತೆ ಕಾಣದೆ ಒಂದು ಕಡೆ ನಿಲ್ಲಿಸಿದೆ. ಯಾಕೆ ಬರೆದೆ, ಏನು ಲೆಕ್ಕ ಹಾಕಿ ಬರೆದೆ ಎಲ್ಲ ಹೇಳಿದೆ. ನಾಳೆಯೇ ಹೋಗಿ, ಬರೆದದ್ದು ನಾನು ಅಂತ ಆ ಆಫೀಸಿನಲ್ಲಿ ಹೇಳುತ್ತೇನೆ ಅಂದೆ. ಅವರು ಸ್ಕೂಟರಿನಿಂದ ಇಳಿದು ನನ್ನ ಪಕ್ಕ ನಿಂತರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

“ಕೊಟ್ಟಿದ್ದನ್ನ ಬದಲಾಯಿಸ್ತು ಹೇಳಿ ಗೊತ್ತಾದ್ರೆ ನಿನ್ನ ಅಂಗಡಿಗೆ ಯಾರು ಬತ್ತ?” ಅಂದರು. “ಬಂಗ್ಲೆ ಹೋತು. ಅಂಗಡಿನೂ ಹೋಪುದು ಬೇಡ.”

ನಾನು ಒಪ್ಪಿಕೊಂಡೆ. ನೋಡಿ, ಎಷ್ಟು ಸುಲಭಕ್ಕೆ ಒಪ್ಪಿಕೊಂಡೆ. ಮಾರನೇ ದಿನ ಅಂಗಡಿ ತೆಗೆದೆ, ಯಾರದೋ ಪಹಣಿ ತಿದ್ದುಪಡಿ ಅರ್ಜಿ ಹೊಡೆದೆ. ಆಮೇಲೆ ನಾಲ್ಕು ವರ್ಷ ನನ್ನ ಅಂಗಡಿ ಚೆನ್ನಾಗಿಯೇ ನಡೆಯಿತು.

ಕತೆ ಮಾತ್ರ ಊರಿನ ಬಾಯಿಗೆ ಬಿತ್ತು. ತರಕಾರಿ ಪೇಟೆಯಲ್ಲಿ ನನ್ನ ಎದುರಿಗೇ ಒಬ್ಬರು, ಓವರ್ಸಿಯರ್ರೇ, ನಮ್ಮನೆ ನೋಡ್ಲಿಕ್ಕೆ ಮಾತ್ರ ಬರಬೇಡಿ ಮಾರಾಯ್ರೇ ಅಂತ ಹೇಳಿ ನಕ್ಕರು. ಮಾವನೂ ನಕ್ಕರು. ನಾನು ಬದನೆಕಾಯಿ ಆರಿಸುತ್ತಿದ್ದೆ, ಆರಿಸುತ್ತಲೇ ಇದ್ದೆ.

ಅವರು ಮತ್ತೆ ರಿಜಿಸ್ಟರ್ ಹಿಡಿದು ಬರಲಿಲ್ಲ. ಶಿರಸಿ, ಸಿದ್ದಾಪುರ ಎರಡು ತಾಲೂಕು ಮುಗಿದಿತ್ತು, ಯಲ್ಲಾಪುರ ಉಳಿದಿತ್ತು. ಬಂಗಲೆ ಬೀಳುವ ಮೊದಲು, ನನ್ನ ತವರು ಉಮ್ಮಚಗಿಯಿಂದಲೇ ಶುರು ಮಾಡೋಣ ಅಂತ ದಿನವನ್ನೂ ನೋಡಿದ್ದರು. ಹಬ್ಬಕ್ಕೆ ಅಂತ ನಾನು ಅವರ ಮನೆಗೆ ಹೋದಾಗಲೆಲ್ಲ ಯಲ್ಲಾಪುರಕ್ಕೆ ಯಾವಾಗ ಹೊರಡುವುದು ಮಾವ ಅಂತ ಕೇಳುತ್ತಿದ್ದೆ. “ಸಾಕಾತು ತಂಗಿ,” ಅನ್ನುತ್ತಿದ್ದರು, ಅಂಗಡಿ ಹೇಗಿದೆ ಅಂತ ಕೇಳುತ್ತಿದ್ದರು. ಅತ್ತೆ ಆಗ ಒಳಗಿನಿಂದ ಬಂದು ಚಹಾ ಇಟ್ಟು ಹೋಗುತ್ತಿದ್ದರು. ಬಂಗಲೆಯ ದುಃಖ ಅವರನ್ನು ಕೂರಿಸಿಬಿಟ್ಟಿದೆ ಅಂತ ನಾನು ತಿಳಿದುಕೊಂಡಿದ್ದೆ. ಮಗನ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಹೋಗಿ ಕೂರುತ್ತಿದ್ದರು, ತಾಮ್ರದ ತಂತಿಯ ಚೂರುಗಳಿಂದ ಸಣ್ಣ ಸಣ್ಣ ಮನೆಯ ಮಾಡು ಮಾಡಿ ಕಿಟಕಿಯಲ್ಲಿ ಸಾಲಾಗಿ ಇಡುತ್ತಿದ್ದರು. ಹೋದ ತಿಂಗಳು ಅಲ್ಲಿಯೇ ಕೂತಲ್ಲಿ ಹೋದರು.

ಸಭೆ ಆಗಿ ಒಂದು ವಾರ ಅವಲಕ್ಕಿ ನನಗೆ ಗಂಟಲಲ್ಲೇ ಇತ್ತು. ಎಂಟನೇ ದಿನ ಬೆಳಿಗ್ಗೆ ಅವರ ಮನೆಗೆ ಹೋದೆ. ಅತ್ತೆ ಹೊರಗಿನ ಕೋಣೆಯಲ್ಲಿ ಚಾಪೆ ಹಾಕಿ ಕೂತಿದ್ದರು. ಸಭೆಯಲ್ಲಿ ಎಲ್ಲರೂ ಆ ಬಂಗಲೆಯ ಕತೆಯನ್ನೇ ಹೇಳಿದರಲ್ಲ ಅಂತ ಅವರೇ ಮಾತು ತೆಗೆದರು. ತಪ್ಪು ತನ್ನದೇ ಅಂತ ಹೇಳಿದರು. ಕಣ್ಣಿಗೆ ಔಷಧ ಬಿಟ್ಟ ದಿನ ಸಹಿಗೆ ಕಳಿಸಬಾರದಿತ್ತಂತೆ. ಏನು ಬರೆದಿದೆ ಅಂತ ಅವರಿಗೇ ಕಂಡಿರಲಿಕ್ಕಿಲ್ಲ, ಅಥವಾ ಅಷ್ಟೊತ್ತಿಗೇ ಬುದ್ಧಿ ಮಂಕಾಗಲಿಕ್ಕೆ ಶುರುವಾಗಿತ್ತೋ ಏನೋ ಅಂದರು. ಹೆಂಡತಿಗೂ ಅವರು ಹೇಳಿರಲಿಲ್ಲ. ನಾಲ್ಕು ವರ್ಷ ಒಂದೇ ಮನೆಯಲ್ಲಿ ಇದ್ದು, ಅವರ ಹತ್ತಿರವೂ ನನ್ನ ಹೆಸರು ಎತ್ತಿರಲಿಲ್ಲ.

“ಬರದ್ದು ಆನು, ಅತ್ತೆ,” ಅಂದೆ. “ಮಾವ ಅಲ್ಲ. ಅವ್ರು ಗೋಡೆ ಗಟ್ಟಿ ಹೇಳೇ ಬರೆದಿದ್ರು.”

ಅತ್ತೆ ನನ್ನ ಮುಖ ನೋಡಿದರು. ನಾನು ಎಲ್ಲ ಹೇಳಿದೆ, ಶಾಲೆಗಳ ಮಾಡಿನ ವಿಷಯದಿಂದ ಹಿಡಿದು ಸ್ಕೂಟರ್ ನಿಲ್ಲಿಸಿದ ತನಕ. ಮುಗಿದ ಮೇಲೆ ಒಂದೇ ಕೇಳಿದರು.

“ಅವ್ಕೆ ಗೊತ್ತಿತ್ತಾ?”

ಗೊತ್ತಿತ್ತು ಅಂದೆ. ಆ ದಿನವೇ, ಓದಿದ ಕೂಡಲೇ ಗೊತ್ತಾಗಿತ್ತು ಅಂದೆ.

“ಹಂಗಾರೆ ಕಣ್ಣು ಸರಿ ಇತ್ತು,” ಅಂದರು ಅತ್ತೆ.

ಬೈಯುತ್ತಾರೆ ಅಂತ ಕಾದೆ. ಬೈದರೆ ಕಾಲಿಗೆ ಬೀಳಬೇಕು ಅಂತಲೇ ಹೋಗಿದ್ದೆ. ಅವರು ಬೈಯಲಿಲ್ಲ. ಸೆರಗಿನ ತುದಿಯನ್ನು ಮಡಚಿ ಬಿಡಿಸಿ ಮಾಡುತ್ತ, ಬಂಗಲೆ ಬಿದ್ದ ಮೇಲೆ ಮಾವನನ್ನು ತಾನು ಎಲ್ಲಿಗೂ ಬಿಡಲಿಲ್ಲ ಅಂತ ಹೇಳಿದರು. ಕಣ್ಣು ಕಾಣದ ಮನುಷ್ಯ ಇನ್ನೊಂದು ಕಟ್ಟಡದ ಬಗ್ಗೆ ತಪ್ಪು ಬರೆದರೆ ಇನ್ನೊಬ್ಬರ ಮನೆ ಹೋಗುತ್ತದೆ ಅಂತ ಟೇಪು, ರಿಜಿಸ್ಟರ್ ಎರಡನ್ನೂ ತಾವೇ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದರು. ಕಣ್ಣು ಸರಿ ಇದೆ ಅಂತ ಮಾವ ಹೇಳುತ್ತಿದ್ದರಂತೆ. ಹಾಗಾದರೆ ಬಂಗಲೆಯ ಬಗ್ಗೆ ಯಾಕೆ ಹಾಗೆ ಬರೆದಿರಿ ಅಂತ ಅತ್ತೆ ಕೇಳಿದರೆ ಸುಮ್ಮನಾಗುತ್ತಿದ್ದರಂತೆ. ಪ್ರತಿ ಸಲವೂ ಅಲ್ಲಿಗೆ ಸುಮ್ಮನಾಗುತ್ತಿದ್ದರಂತೆ.

“ಟೇಪು ಕೊಡು, ಯಲ್ಲಾಪುರ ಒಂದು ಮುಗಿಸಿ ಬರ್ತೆ ಹೇಳಿ ಕೇಳ್ತಿದ್ರು,” ಅಂದರು ಅತ್ತೆ. “ತೀರಿಹೋಪ ಮುಂಚಿನ ವಾರವೂ ಕೇಳಿದ್ರು. ಆನು ಕೊಟ್ನಿಲ್ಲೆ.”